ಸಾಂಗೆಯ ಕೆಸರಿನಲ್ಲಿ ಏಳು ಸಾವಿರ ಸುತ್ತು

(ಬಾನುಲಿ ಭಾಷಣ)



ಗೋವಾ ಎಂದೊಡನೆ ಕಡಲ ದಂಡೆ ನೆನಪಿಗೆ ಬರುವವರಿಗೆ ಸಾಂಗೆ ಬೇರೆಯೇ ನಾಡಿನಂತೆ ಕಾಣುತ್ತದೆ. ಇಲ್ಲಿ ಕಡಲಿಲ್ಲ. ಕೆಂಪು ಮಣ್ಣು, ದಟ್ಟ ಕಾಡು, ಸಾಳಾವಳಿ ಅಣೆಕಟ್ಟಿನ ನೀರು, ಮೂಡಣಕ್ಕೆ ಘಟ್ಟ, ಘಟ್ಟದಾಚೆ ಕರ್ನಾಟಕ. ಈ ಸೀಮೆಯಲ್ಲಿ, ಪಕ್ಕದ ಸಾವರ್ಡೆ, ಕುಡ್ಚಡೆಗಳಲ್ಲಿ ಗ್ಯಾರೇಜುಗಳಿಗೆ ಕೆಲಸ ಕೊಟ್ಟದ್ದು ಅದಿರಿನ ಟಿಪ್ಪರ್‌ಗಳು. 2012ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ಹಾಕುವವರೆಗೆ ಸಾಲುಗಟ್ಟಿ ಓಡಿದ ಆ ಲಾರಿಗಳ ಎಂಜಿನ್ ಇಳಿಸಿ, ಬೋರ್ ಮಾಡಿಸಿ, ಬೇರಿಂಗ್ ಬದಲಿಸಿ ಕೈ ಪಳಗಿಸಿಕೊಂಡ ಮೆಕ್ಯಾನಿಕ್‌ಗಳು ಇಲ್ಲಿದ್ದಾರೆ. ಅವರಲ್ಲಿ ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಬಂದು ನೆಲೆಸಿದ ಕನ್ನಡಿಗರೂ ಇದ್ದಾರೆ.

ಅಂಥ ಗ್ಯಾರೇಜಿನ ಮುಂದೆ ಒಂದು ದಿನ ಮಾರುತಿ ಜಿಪ್ಸಿಯೊಂದು ಬಂದು ನಿಲ್ಲುತ್ತದೆ ಎಂದಿಟ್ಟುಕೊಳ್ಳೋಣ. ಎಂಜಿನ್ ಹೊಗೆ ಕಾರುತ್ತಿದೆ. ಓನರ್ ಹುಡುಗನಿಗೆ ಬರೀ ರಿಪೇರಿ ಸಾಲದು. ಮಳೆಗಾಲದ ಕೆಸರಿನ ಸ್ಪರ್ಧೆಗೆ ಅದನ್ನು ಇಳಿಸಬೇಕು, ಎಂಜಿನ್ ನಿಮಿಷಕ್ಕೆ ಏಳೆಂಟು ಸಾವಿರ ಸುತ್ತು ತಿರುಗಬೇಕು. ‘ಅಣ್ಣಾ, ಒಳಗೆ ಏನೇನು ಹಾಕಬೇಕು ಹೇಳಿ, ತರಿಸ್ತೀನಿ’ ಅನ್ನುತ್ತಾನೆ. ತಿಳಿದ ಮೆಕ್ಯಾನಿಕ್ ಇದಕ್ಕೆ ಸಾಮಾನಿನ ಪಟ್ಟಿ ಕೊಡುವುದಿಲ್ಲ. ‘ನಿಜವಾಗಿ ಎಷ್ಟು ಸುತ್ತು ಬೇಕು, ಎಷ್ಟು ಹೊತ್ತು ಬೇಕು?’ ಎಂದು ಮರಳಿ ಕೇಳುತ್ತಾನೆ. ಈ ಹೊತ್ತಿನ ಮಾತೆಲ್ಲ ಆ ಮರುಪ್ರಶ್ನೆಯ ಸುತ್ತಲೇ ಇದೆ.

ಕೆಸರಿನಲ್ಲಿ ಅಷ್ಟು ವೇಗದ ಎಂಜಿನ್ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಮಲೇಷ್ಯಾದಲ್ಲಿ ಹುಟ್ಟಿದ ರೇನ್‌ಫಾರೆಸ್ಟ್ ಚಾಲೆಂಜ್ ಎಂಬ ಸ್ಪರ್ಧೆ 2014ರಲ್ಲಿ ಭಾರತಕ್ಕೆ ಬಂದಾಗ ಅದಕ್ಕೆ ಅಖಾಡವಾದದ್ದು ಗೋವಾದ ಮಳೆಗಾಲವೇ. ಅಲ್ಲಿ ಜಿಪ್ಸಿಗಳಿಗೆ ದೊಡ್ಡ ಟೈರು, ಮುಂದೆ ವಿಂಚು, ಒಳಗೆ ಉಕ್ಕಿನ ಪಂಜರ. ಜಿಗುಟು ಮಣ್ಣು ಟೈರಿನ ಕಚ್ಚುಗಳಲ್ಲಿ ಮೆತ್ತಿಕೊಂಡರೆ ಟೈರು ನುಣುಪಾದ ಉರುಳೆಯಾಗುತ್ತದೆ. ಆ ಮಣ್ಣು ಸಿಡಿದು ಹೋಗಬೇಕಾದರೆ ಚಕ್ರ ಜೋರಾಗಿ ತಿರುಗಬೇಕು. ಹಾಗಾಗಿ ಗಾಡಿ ಆಮೆಯಂತೆ ತೆವಳುತ್ತಿದ್ದರೂ ಎಂಜಿನ್ ಮಾತ್ರ ಸುತ್ತಿನ ಮಿತಿ ತೋರುವ ಕೆಂಪು ಗೆರೆಯಲ್ಲಿ ಕೂಗುತ್ತಿರುತ್ತದೆ. ಎದುರಿನಿಂದ ಗಾಳಿ ಬೀಸಿ ರೇಡಿಯೇಟರ್ ತಣಿಯುವ ಅನುಕೂಲವೂ ಆಗ ಇಲ್ಲ. ರೇಸ್ ಟ್ರ್ಯಾಕಿನಲ್ಲಿ ಎಂಜಿನ್‌ಗೆ ಗೇರು ಬದಲಾದಾಗ, ತಿರುವು ಬಂದಾಗ ಉಸಿರು ಸಿಗುತ್ತದೆ. ಕೆಸರಿನಲ್ಲಿ ಅದೂ ಸಿಗದು.

ಜಿಪ್ಸಿ 1985ರಲ್ಲಿ ಬಂದಾಗ ಅದರಲ್ಲಿದ್ದದ್ದು 970 ಸಿಸಿಯ, 45 ಅಶ್ವಶಕ್ತಿಯ ಎಂಜಿನ್. 1996ರಲ್ಲಿ 1,298 ಸಿಸಿ ಎಂಜಿನ್ ಬಂತು. 2000ದ ಹೊತ್ತಿಗೆ ಅದೇ ಗಾತ್ರದ ಎಂಜಿನ್‌ಗೆ 16 ವಾಲ್ವ್, ಪೆಟ್ರೋಲ್ ಇಂಜೆಕ್ಷನ್ ಸೇರಿ 6,000 ಸುತ್ತಿನಲ್ಲಿ 80 ಅಶ್ವಶಕ್ತಿಯಾಯಿತು. ಎಸ್ಟೀಮ್ ಕಾರಿನಲ್ಲೂ ಮೊದಲ ಸ್ವಿಫ್ಟ್‌ನಲ್ಲೂ ಇದ್ದದ್ದು ಇದರ ಒಡಹುಟ್ಟುಗಳೇ. 2019ರಲ್ಲಿ ಸಾಮಾನ್ಯ ಗ್ರಾಹಕರಿಗೆ ಜಿಪ್ಸಿ ಮಾರಾಟ ನಿಂತಿತು. ಈ ಎಂಜಿನ್‌ನ ಬೋರ್, ಅಂದರೆ ಸಿಲಿಂಡರಿನ ವ್ಯಾಸ, 74 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ತುದಿಯಿಂದ ತುದಿಗೆ ಓಡುವ ದೂರ, 75.5 ಮಿ.ಮೀ. ಈ ಎರಡನೆಯ ಅಂಕಿಯನ್ನು ಶ್ರೋತೃಗಳು ನೆನಪಿಟ್ಟುಕೊಳ್ಳಬೇಕು. ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಪಿಸ್ಟನ್ ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತದೆ, ಅಂದರೆ ಸ್ಟ್ರೋಕಿನ ಎರಡರಷ್ಟು ದಾರಿ ನಡೆಯುತ್ತದೆ. ಜಿಪ್ಸಿಯಲ್ಲಿ 6,000 ಸುತ್ತಿಗೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 15.1 ಮೀಟರ್, 8,000ಕ್ಕೆ 20.1 ಮೀಟರ್. ಟಾಟಾ ಲಾರಿಗಳಲ್ಲಿ ಬಂದ 5.9 ಲೀಟರಿನ ಕಮಿನ್ಸ್ ಎಂಜಿನ್ ನೋಡಿ. ಸ್ಟ್ರೋಕ್ 120 ಮಿ.ಮೀ. ಇದ್ದರೂ ಅದು 2,500 ಸುತ್ತಿನ ಆಸುಪಾಸಿನಲ್ಲೇ ದುಡಿಯುವುದರಿಂದ ಪಿಸ್ಟನ್ ವೇಗ ಸೆಕೆಂಡಿಗೆ 10 ಮೀಟರ್ ಅಷ್ಟೆ. ಸಾಂಗೆಯ ಮೆಕ್ಯಾನಿಕ್‌ಗೆ ಕೈವಶವಾದ ಲಾರಿಯ ವಿದ್ಯೆ ಇಲ್ಲಿ ಅರ್ಧ ದಾರಿಯವರೆಗೆ ಜೊತೆಗೆ ಬರುತ್ತದೆ. ಉಳಿದರ್ಧವನ್ನು ಅವನು ಹೊಸದಾಗಿ ಕಲಿಯಬೇಕು.

ವೇಗಕ್ಕಿಂತ ಕ್ರೂರವಾದದ್ದು ಪಿಸ್ಟನ್ ತುದಿಗೆ ಹೋಗಿ ನಿಂತು, ದಿಕ್ಕು ಬದಲಿಸುವ ಆ ಕ್ಷಣ. ಸುತ್ತು ಹೆಚ್ಚಿದಂತೆ ಆಗ ಬೀಳುವ ಎಳೆತ ವರ್ಗದ ಲೆಕ್ಕದಲ್ಲಿ ಏರುತ್ತದೆ. ಪಿಸ್ಟನ್, ಪಿನ್, ರಿಂಗ್ ಎಲ್ಲ ಸೇರಿ 300 ಗ್ರಾಂ ಎಂದು ಹಿಡಿದರೆ, 6,000 ಸುತ್ತಿನಲ್ಲಿ ಆ 300 ಗ್ರಾಂ ಕನೆಕ್ಟಿಂಗ್ ರಾಡನ್ನು ಸುಮಾರು 600 ಕಿಲೋ ತೂಕದಷ್ಟು ಬಲದಿಂದ ಮೇಲಕ್ಕೆ ಎಳೆಯುತ್ತದೆ. 7,000ಕ್ಕೆ ಅದು 800 ಕಿಲೋ ದಾಟುತ್ತದೆ, 8,000ಕ್ಕೆ ಒಂದು ಟನ್ ಮೀರುತ್ತದೆ. ಸುತ್ತು ಏರಿದ್ದು ಮೂರನೇ ಒಂದು ಪಾಲು, ಎಳೆತ ಏರಿದ್ದು ಮುಕ್ಕಾಲಿಗೂ ಹೆಚ್ಚು ಪಾಲು.

ಸ್ಟ್ರೋಕಿನ ಮಹಿಮೆ ತಿಳಿಯಲು ಎರಡು ದೊಡ್ಡ ಹೆಸರುಗಳನ್ನು ಪಕ್ಕಪಕ್ಕ ಇಡಬಹುದು. 1999ರಲ್ಲಿ ಬಂದ ಹೋಂಡಾ ಎಸ್2000 ಕಾರು ರಸ್ತೆಯ ಮೇಲೆ 9,000 ಸುತ್ತು ತಿರುಗುತ್ತಿತ್ತು. ಅದರ ಸ್ಟ್ರೋಕ್ 84 ಮಿ.ಮೀ., ಪಿಸ್ಟನ್ ವೇಗ ಸೆಕೆಂಡಿಗೆ 25 ಮೀಟರಿಗೂ ಹೆಚ್ಚು. ಫಾರ್ಮುಲಾ ಒನ್‌ನ 2.4 ಲೀಟರ್ ವಿ8 ಎಂಜಿನ್‌ಗಳಿಗೆ 2009ರಿಂದ 18,000 ಸುತ್ತಿನ ಮಿತಿ ಇತ್ತು. ಬೋರ್ 98 ಮಿ.ಮೀ. ಇದ್ದುದರಿಂದ ಸ್ಟ್ರೋಕ್ 40 ಮಿ.ಮೀ.ಗಿಂತ ತುಸು ಕಡಿಮೆ, ಪಿಸ್ಟನ್ ವೇಗ ಸೆಕೆಂಡಿಗೆ 24 ಮೀಟರಿನೊಳಗೆ. ಎರಡರಷ್ಟು ಸುತ್ತು ತಿರುಗುವ ರೇಸ್ ಎಂಜಿನ್‌ನಲ್ಲಿ ಪಿಸ್ಟನ್ನಿನ ಸರಾಸರಿ ಓಟ ರಸ್ತೆಯ ಕಾರಿಗಿಂತ ಕಡಿಮೆ! ‘ಆ ಕಾರು ಒಂಬತ್ತು ಸಾವಿರ ಹೋಗುತ್ತೆ, ನಮ್ಮದು ಯಾಕೆ ಹೋಗಬಾರದು’ ಎಂಬ ವಾದ ಹೂಡುವ ಮುನ್ನ ಎರಡೂ ಎಂಜಿನ್‌ಗಳ ಸ್ಟ್ರೋಕ್ ನೋಡಬೇಕು, ಒಳಗಿರುವ ಲೋಹ ನೋಡಬೇಕು.

ಈಗ ಜಿಪ್ಸಿಯನ್ನು ಬಿಚ್ಚೋಣ.

ಹೆಚ್ಚಿನವರು ಮೊದಲ ಹಣವನ್ನು ಕ್ಯಾಮ್ ಶಾಫ್ಟ್ ಮೇಲೆ ಹಾಕುತ್ತಾರೆ, ಏಕೆಂದರೆ ಶಕ್ತಿ ಕೊಡುವುದು ಅದು. ಆದರೆ ಮೊದಲ ಹಣ ಹೋಗಬೇಕಾದದ್ದು ಮೊದಲು ಮುರಿಯುವ ವಸ್ತುವಿಗೆ. ಆ ಸಾಲಿನ ತಲೆಯಲ್ಲಿರುವುದು ಬೆರಳಿಗಿಂತ ಸಣ್ಣದಾದ ರಾಡ್ ಬೋಲ್ಟು. ಪೆಟ್ರೋಲ್ ಉರಿದು ಪಿಸ್ಟನ್ನನ್ನು ಕೆಳಗೆ ತಳ್ಳುವಾಗ ರಾಡ್ ಒತ್ತಡದಲ್ಲಿರುತ್ತದೆ, ಬೋಲ್ಟಿಗೆ ಅಷ್ಟು ಕಷ್ಟವಿಲ್ಲ. ಸುಟ್ಟ ಹೊಗೆ ಹೊರಹಾಕುವ ಸ್ಟ್ರೋಕಿನ ತುದಿಯಲ್ಲಿ ಪಿಸ್ಟನ್ನನ್ನು ಎದುರಿನಿಂದ ತಡೆಯುವ ಒತ್ತಡ ಇರುವುದಿಲ್ಲ. ಆಗ ಮೇಲೆ ಹೇಳಿದ ಆ ಎಳೆತವನ್ನು ರಾಡಿನ ಕ್ಯಾಪ್ ಹಿಡಿದಿರುವ ಎರಡು ಬೋಲ್ಟುಗಳು ಹೊರಬೇಕು. 7,000 ಸುತ್ತಿನಲ್ಲಿ ಇದು ನಿಮಿಷಕ್ಕೆ 3,500 ಸಲ ನಡೆಯುತ್ತದೆ. ಬೋಲ್ಟು ಹರಿದರೆ ರಾಡ್ ಬ್ಲಾಕನ್ನು ಒಡೆದುಕೊಂಡು ಹೊರಬರುತ್ತದೆ. ಆಮೇಲೆ ಉಳಿಸಿಕೊಳ್ಳುವುದಕ್ಕೆ ಏನೂ ಇರುವುದಿಲ್ಲ.

ಹಾಗಾಗಿ ಹಳೆಯ ರಾಡ್ ಬೋಲ್ಟನ್ನು ಮತ್ತೆ ಹಾಕಬಾರದು. ಒಳ್ಳೆಯ ಉಕ್ಕಿನ ಹೊಸ ಬೋಲ್ಟ್ ಹಾಕಿದಾಗಲೂ ಟಾರ್ಕ್ ರೆಂಚ್ ತೋರಿಸುವ ಅಂಕಿಯನ್ನಷ್ಟೇ ನಂಬಿ ಕೂರುವಂತಿಲ್ಲ. ಎಣ್ಣೆ ಹಚ್ಚಿದ ಥ್ರೆಡ್‌ಗೆ ಒಂದು ಫಲ, ಒಣ ಥ್ರೆಡ್‌ಗೆ ಇನ್ನೊಂದು ಫಲ. ಬಿಗಿ ಮಾಡುವ ಮೊದಲಿನ ಉದ್ದ, ಬಿಗಿ ಮಾಡಿದ ಮೇಲಿನ ಉದ್ದ ಎರಡನ್ನೂ ಮೈಕ್ರೋಮೀಟರಿನಲ್ಲಿ ಅಳೆದು, ತಯಾರಕರು ಹೇಳಿದಷ್ಟು ಹಿಗ್ಗಿದೆಯೇ ಎಂದು ನೋಡುವುದು ಸರಿಯಾದ ಕ್ರಮ. ಲಾರಿ ಗ್ಯಾರೇಜಿನಲ್ಲಿ ಈ ಅಭ್ಯಾಸ ಕಡಿಮೆ. ಸುತ್ತು ಏರಿಸಬೇಕೆಂದವರು ಮೊದಲು ರೂಢಿಸಿಕೊಳ್ಳಬೇಕಾದದ್ದು ಇದನ್ನೇ.

ರಾಡ್ ಬಗ್ಗೆ ಸಾಂಗೆಗೆ ಬೇಕಾದ ಇನ್ನೊಂದು ಮಾತಿದೆ. ಇಲ್ಲಿ ತೊರೆ ದಾಟದೆ ಮಳೆಗಾಲ ಕಳೆಯುವುದಿಲ್ಲ. 1,298 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಕಂಪ್ರೆಷನ್ 9ಕ್ಕೆ 1 ಇದ್ದರೆ, ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 40 ಸಿಸಿ. ಅಂದರೆ ಅರ್ಧ ಲೋಟ ಚಹಾದಷ್ಟು. ಅದಕ್ಕಿಂತ ಹೆಚ್ಚು ನೀರು ಗಾಳಿಯ ದಾರಿಯಲ್ಲಿ ಒಳಗೆ ಹೋದರೆ, ನೀರು ಕುಗ್ಗುವುದಿಲ್ಲವಾದ್ದರಿಂದ ರಾಡೇ ಬಾಗುತ್ತದೆ. ಕಣ್ಣಿಗೆ ಕಾಣದಷ್ಟು ಬಾಗಿದ ರಾಡ್ ಮೆಲ್ಲನೆ ಓಡಿಸಿದರೆ ತಿಂಗಳುಗಟ್ಟಲೆ ಸುಮ್ಮನಿರಬಹುದು, ಏಳು ಸಾವಿರಕ್ಕೆ ಹೋದ ದಿನ ಸುಮ್ಮನಿರುವುದಿಲ್ಲ. ಹೆಡ್ ಬಿಚ್ಚಿದಾಗ ನಾಲ್ಕೂ ಪಿಸ್ಟನ್‌ಗಳನ್ನು ಒಂದೊಂದಾಗಿ ತುದಿಗೆ ತಂದು, ಬ್ಲಾಕಿನ ಮುಖದಿಂದ ಎಷ್ಟು ಮಟ್ಟದಲ್ಲಿವೆ ಎಂದು ಅಳೆದರೆ ಗುಟ್ಟು ಬಯಲಾಗುತ್ತದೆ. ಒಂದು ಪಿಸ್ಟನ್ ಉಳಿದವುಗಳಿಗಿಂತ ತಗ್ಗಿದ್ದರೆ ಆ ರಾಡ್ ನೀರು ಕುಡಿದಿದೆ ಎಂದೇ ಅನುಮಾನಿಸಬೇಕು.

ಮೂಲ ರಾಡ್‌ಗಳು ನೇರವಾಗಿದ್ದರೆ, 7,000 ಸುತ್ತಿನೊಳಗಿನ ಕೆಲಸಕ್ಕೆ ಅವುಗಳನ್ನೇ ನಯಗೊಳಿಸಿ, ಬಿರುಕು ಪರೀಕ್ಷೆ ಮಾಡಿಸಿ, ತೂಕ ಸರಿದೂಗಿಸಿ ಬಳಸುವುದು ವಿವೇಕ. ನಾಲ್ಕು ರಾಡ್‌ಗಳ ತೂಕ ಒಂದು ಗ್ರಾಂ ಒಳಗೆ ಹೊಂದಬೇಕು. ದೊಡ್ಡ ಕಣ್ಣಿನ ತುದಿಯನ್ನೂ ಚಿಕ್ಕ ಕಣ್ಣಿನ ತುದಿಯನ್ನೂ ಬೇರೆ ಬೇರೆಯಾಗಿ ತೂಗಬೇಕು, ಏಕೆಂದರೆ ಒಂದು ತುದಿ ಸುತ್ತುತ್ತದೆ, ಇನ್ನೊಂದು ಮೇಲೆ ಕೆಳಗೆ ಓಡುತ್ತದೆ. 8,000 ಬೇಕೇ ಬೇಕು ಎನ್ನುವವರಿಗೆ ಮಾತ್ರ ಹೊರಗಿನ ಎಚ್-ಬೀಮ್ ರಾಡ್. ಅದನ್ನೂ ಕಣ್ಣು ಮುಚ್ಚಿ ತರಿಸುವಂತಿಲ್ಲ. ಬಲ ಹೆಚ್ಚೆಂದು ತಂದ ರಾಡ್ ಮೂಲದ್ದಕ್ಕಿಂತ ಭಾರವಾಗಿದ್ದರೆ ಆ ಹೊರೆ ಹೊತ್ತು ಸವೆಯುವುದು ಕ್ರ್ಯಾಂಕ್ ಮತ್ತು ಬೇರಿಂಗ್.

ಪಿಸ್ಟನ್ ವಿಷಯದಲ್ಲಿ ‘ಫೋರ್ಜ್ಡ್’ ಎಂಬ ಪದಕ್ಕೆ ಹುಡುಗರು ಮರುಳಾಗುತ್ತಾರೆ. ಎರಕದ ಪಿಸ್ಟನ್‌ನಲ್ಲಿ ಸಿಲಿಕಾನ್ ಹೆಚ್ಚು, ಬಿಸಿಯಾದರೂ ಹೆಚ್ಚು ಹಿಗ್ಗದು. ಹಾಗಾಗಿ ಬೋರಿನೊಳಗೆ ಬಿಗಿಯಾಗಿ ಕೂರುತ್ತದೆ, ಸದ್ದಿಲ್ಲ, ಎಣ್ಣೆ ತಿನ್ನುವುದೂ ಕಡಿಮೆ. ಬಡಿದು ಮಾಡಿದ, ಅಂದರೆ ಫೋರ್ಜ್ಡ್ ಪಿಸ್ಟನ್ನಿನಲ್ಲಿ 2618 ಎಂಬ ಮಿಶ್ರಲೋಹ ಗಟ್ಟಿ, ಪೆಟ್ಟು ತಡೆಯುತ್ತದೆ. ಆದರೆ ಅದರಲ್ಲಿ ಸಿಲಿಕಾನ್ ತೀರಾ ಕಡಿಮೆ ಇರುವುದರಿಂದ ಬಹಳ ಹಿಗ್ಗುತ್ತದೆ. ಅದಕ್ಕೆ ಗೋಡೆಯಿಂದ ಹೆಚ್ಚು ಸಂದು ಬಿಡಬೇಕು, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಸದ್ದು ಸಹಿಸಬೇಕು. 4032 ಎಂಬುದು ಇವೆರಡರ ನಡುವಿನ ದಾರಿ, ಅದರಲ್ಲಿ ಸಿಲಿಕಾನ್ ಶೇ. 12ರ ಸುಮಾರು. ಟರ್ಬೋ ಇಲ್ಲದ, ವಾರದ ದಿನಗಳಲ್ಲಿ ಮಡಗಾಂವ್‌ಗೆ ಹೋಗಿಬರಲು ಬಳಸುವ ಜಿಪ್ಸಿಗೆ 2618 ಬೇಡ. ಹಗುರವಾದ, ಒಳ್ಳೆಯ ಎರಕದ ಪಿಸ್ಟನ್ ಅಥವಾ 4032 ಸಾಕು. ಪಿಸ್ಟನ್‌ನಲ್ಲಿ ಇಳಿಸಿದ ಒಂದೊಂದು ಗ್ರಾಂ ಕೂಡ ಆ ರಾಡ್ ಬೋಲ್ಟಿನ ಆಯುಸ್ಸಿಗೆ ಸೇರುತ್ತದೆ.

ಪಿಸ್ಟನ್ ಕೈಗೆ ಬರುವವರೆಗೆ ಬೋರ್ ಮಾಡಿಸಬಾರದು. 0.25 ಓವರ್‌ಸೈಜ್ ಎಂದು ಡಬ್ಬದ ಮೇಲೆ ಬರೆದಿದ್ದರೂ ಡಬ್ಬದೊಳಗಿನ ನಾಲ್ಕನ್ನೂ ಅಳೆದು, ಯಾವುದು ಯಾವ ಸಿಲಿಂಡರಿಗೆ ಎಂದು ಗುರುತು ಹಾಕಿ, ಅದರದರ ಅಳತೆಗೆ ಹೋನಿಂಗ್ ಮಾಡಿಸಬೇಕು. ರಿಂಗಿನ ಬಾಯಿಯ ಸಂದಿಗೆ ಹಳಬರು ಬಳಸುವ ಲೆಕ್ಕ ಬೋರಿನ ಸಾವಿರಕ್ಕೆ ನಾಲ್ಕು ಪಾಲು. 74 ಮಿ.ಮೀ. ಬೋರಿಗೆ ಅದು ಸುಮಾರು 0.30 ಮಿ.ಮೀ. ಸಂದು ಕಡಿಮೆಯಾದರೆ ಬಿಸಿಯಲ್ಲಿ ರಿಂಗಿನ ತುದಿಗಳು ಒಂದಕ್ಕೊಂದು ಗುದ್ದಿ ಗೋಡೆ ಗೀರುತ್ತವೆ. ತುಸು ಹೆಚ್ಚಾದರೆ ಅಂಥ ಅಪಾಯವಿಲ್ಲ.

ಸಾಂಗೆಯ ದೂಳನ್ನು ಮರೆತು ರಿಂಗ್ ಆರಿಸುವಂತಿಲ್ಲ. ಗಣಿ ಸೀಮೆಯ ಕೆಂಪು ದೂಳಿನಲ್ಲಿರುವುದು ಕಬ್ಬಿಣದ ಆಕ್ಸೈಡು, ಜೊತೆಗೆ ಸಣ್ಣ ಮರಳು. ಹೊಳಪು ಕೊಡುವ ಪುಡಿಯಂತೆ ಅದು ಬೋರನ್ನು ಉಜ್ಜುತ್ತದೆ. ಬೇಸಿಗೆಯಲ್ಲಿ ಏರ್ ಫಿಲ್ಟರಿನ ಅಂಚಿನಲ್ಲಿ ಒಂದು ಸಣ್ಣ ಬಿರುಕಿದ್ದರೂ ಹೊಸ ರಿಂಗ್‌ಗಳು ಒಂದೇ ಋತುವಿನಲ್ಲಿ ಸವೆದಾವು. ದುಬಾರಿ ಒಳಭಾಗ ಹಾಕಿ, ‘ಗಾಳಿ ಚೆನ್ನಾಗಿ ಎಳೆಯಲಿ’ ಎಂದು ಫಿಲ್ಟರ್ ತೆಗೆದು ಓಡಿಸುವುದಕ್ಕಿಂತ ದೊಡ್ಡ ತಪ್ಪು ಈ ನೆಲದಲ್ಲಿ ಇನ್ನೊಂದಿಲ್ಲ.

ರಾಡ್ ಬೋಲ್ಟಿನ ನಂತರ ವಾಲ್ವ್ ಸ್ಪ್ರಿಂಗ್ ಎರಡನೆಯ ಸೂಕ್ಷ್ಮ ಜಾಗ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ವಾಲ್ವ್ ಒಮ್ಮೆ ತೆರೆಯುತ್ತದೆ. 7,200 ಸುತ್ತಿನಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ 60 ಸಲ ತೆರೆದು ಮುಚ್ಚಬೇಕು. ತೆರೆಯುವುದು ಕ್ಯಾಮ್, ಮುಚ್ಚುವುದು ಸ್ಪ್ರಿಂಗ್. ವರ್ಷಗಟ್ಟಲೆ ಬಿಸಿಯಲ್ಲಿ ದುಡಿದ ಸ್ಪ್ರಿಂಗ್ ಸೋತಿದ್ದರೆ ವಾಲ್ವ್ ಕ್ಯಾಮ್ ಹೇಳಿದಂತೆ ಹಿಂದಿರುಗದೆ ಗಾಳಿಯಲ್ಲಿ ತೇಲುತ್ತದೆ. ಶಕ್ತಿ ಕುಸಿಯುತ್ತದೆ, ಕೆಟ್ಟ ಗಳಿಗೆಯಲ್ಲಿ ವಾಲ್ವಿಗೂ ಪಿಸ್ಟನ್ನಿಗೂ ಡಿಕ್ಕಿಯಾಗುತ್ತದೆ. ಹಾಗೆಂದು ಸಿಕ್ಕಿದ ಗಡುಸು ಸ್ಪ್ರಿಂಗ್ ಹಾಕಿದರೆ ಕ್ಯಾಮಿನ ಉಬ್ಬು, ರಾಕರ್ ಎರಡೂ ಸವೆಯುತ್ತವೆ. ಜಿಪ್ಸಿಯದು ಒಂದೇ ಕ್ಯಾಮ್, ರಾಕರ್‌ಗಳ ಮೂಲಕ 16 ವಾಲ್ವ್ ಅಲುಗಿಸುವ ಏರ್ಪಾಡು. ಕುಣಿಯುವ ಭಾರ ಅಲ್ಲಿ ಹೆಚ್ಚು. ಕ್ಯಾಮ್ ತಯಾರಕರು ಯಾವ ಎತ್ತರದಲ್ಲಿ ಎಷ್ಟು ಒತ್ತಡ ಬೇಕೆಂದು ಹೇಳುತ್ತಾರೋ ಅಷ್ಟೇ ಇರಬೇಕು. ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಬಾರದು. 1980ರ ದಶಕದಲ್ಲಿ ರೆನೋ ಕಂಪನಿ ಫಾರ್ಮುಲಾ ಒನ್‌ನಲ್ಲಿ ಉಕ್ಕಿನ ಸ್ಪ್ರಿಂಗನ್ನೇ ಕೈಬಿಟ್ಟು ಒತ್ತಿದ ಗಾಳಿಯಿಂದ ವಾಲ್ವ್ ಮುಚ್ಚಿಸಿದ್ದು ಈ ತೊಡಕಿನಿಂದ ಪಾರಾಗಲೆಂದೇ.

ಕ್ಯಾಮ್ ಸರದಿ ಈಗ. ಚೂಪು ಕ್ಯಾಮ್ ಹಾಕಿದರೆ ಮೇಲಿನ ಸುತ್ತಿನಲ್ಲಿ ಶಕ್ತಿ ಬರುತ್ತದೆ, ಕೆಳಗಿನ ಸುತ್ತಿನಲ್ಲಿ ಹೋಗುತ್ತದೆ. ಕೆಸರಿನ ಗಾಡಿ ಕಲ್ಲು ಹತ್ತುವಾಗ 1,500 ಸುತ್ತಿನಲ್ಲೂ ಎಳೆಯಬೇಕಾದ್ದರಿಂದ ಸೌಮ್ಯ ಕ್ಯಾಮ್ ಒಳ್ಳೆಯದು. ಫ್ಲೈವೀಲನ್ನು ಕೊರೆದು ಹಗುರ ಮಾಡುವುದೂ ಬೇಡ. ಕಲ್ಲಿನ ಮೇಲೆ ಎಂಜಿನ್ ಆಫ್ ಆಗದಂತೆ ಹಿಡಿಯುವುದು ಅದರ ಭಾರವೇ. ಎರಕದ ಫ್ಲೈವೀಲ್ ತೂತು ಕೊರೆಸಿಕೊಂಡು ಹೆಚ್ಚು ಸುತ್ತಿನಲ್ಲಿ ಸಿಡಿದರೆ ಅದು ಚಾಲಕನ ಕಾಲಿನ ಪಕ್ಕದಲ್ಲೇ ಇದೆ.

ಬೇರಿಂಗಿಗೆ ಹಳೆಯ ಸೂತ್ರವೊಂದಿದೆ: ಜರ್ನಲ್ ದಪ್ಪದ ಸಾವಿರದ ಒಂದು ಪಾಲು ಎಣ್ಣೆಗೆ ಜಾಗ. 40 ಮಿ.ಮೀ. ದಪ್ಪಕ್ಕೆ 0.04 ಮಿ.ಮೀ. ಇದನ್ನು ಕೈಯಲ್ಲಿ ಅಲ್ಲಾಡಿಸಿ ಹೇಳಲಾಗದು, ಬೋರ್ ಗೇಜೇ ಬೇಕು. ಜಾಗ ಹೆಚ್ಚಿದರೆ ಎಣ್ಣೆಯ ಒತ್ತಡ ಬೀಳುತ್ತದೆ, ಕಡಿಮೆಯಾದರೆ ಎಣ್ಣೆಯ ಪದರ ಹರಿದು ಬೇರಿಂಗ್ ಹಿಡಿಯುತ್ತದೆ. ಜಿಪ್ಸಿ ಕಡಿದಾದ ಏರಿನಲ್ಲಿ ಮೂಗು ಮೇಲೆತ್ತಿ ನಿಂತು ಕೂಗುವಾಗ ಸಂಪಿನ ಎಣ್ಣೆಯೆಲ್ಲ ಹಿಂದಕ್ಕೆ ಸರಿಯುತ್ತದೆ, ಪಂಪು ಗಾಳಿ ಕುಡಿಯುತ್ತದೆ. ಆಗ ಎಂಥ ದುಬಾರಿ ಬೇರಿಂಗೂ ಕ್ಷಣಗಳಲ್ಲಿ ಕರಗುತ್ತದೆ. ಸಂಪಿನೊಳಗೆ ಎಣ್ಣೆ ಓಡದಂತೆ ತಗಡಿನ ತಡೆಗೋಡೆ ಬೆಸುಗೆ ಹಾಕಿಸುವ ಖರ್ಚು ತೀರಾ ಕಡಿಮೆ. ಕೆಸರಿಗೆ ಇಳಿಯುವ ಎಂಜಿನ್‌ಗೆ ಫೋರ್ಜ್ಡ್ ಪಿಸ್ಟನ್ನಿಗಿಂತ ಇದು ಮೊದಲು.

ಇದನ್ನೆಲ್ಲ ಮಾಡಿಸುವುದು ಎಲ್ಲಿ? ಅನಮೋಡ್ ಘಟ್ಟ ಹತ್ತಿ ಲೋಂಡಾ, ಖಾನಾಪುರ ದಾಟಿದರೆ ಬೆಳಗಾವಿ. ಅಲ್ಲಿನ ಉದ್ಯಮಬಾಗಿನ ಸುತ್ತ ಫೌಂಡ್ರಿ, ಲೇತು, ಗ್ರೈಂಡಿಂಗ್ ಬಲ್ಲ ಕೈಗಳಿವೆ. ಎಂಜಿನ್ನಿನ ಒಳಭಾಗ ಅಂದರೆ ಜಪಾನೋ ಅಮೆರಿಕವೋ ಎಂದುಕೊಳ್ಳಬೇಕಾಗಿಲ್ಲ. ಗೋಯೆಟ್ಜೆ ಪಿಸ್ಟನ್ ಮತ್ತು ರಿಂಗ್ ಕಾರ್ಖಾನೆ ಬೆಂಗಳೂರಿನ ಯಲಹಂಕದಲ್ಲಿದೆ, ಕ್ರ್ಯಾಂಕ್ ಶಾಫ್ಟ್ ಬಡಿಯುವ ಭಾರತ್ ಫೋರ್ಜ್ ಪುಣೆಯಲ್ಲಿದೆ. ಕ್ರ್ಯಾಂಕ್, ಪುಲಿ, ಫ್ಲೈವೀಲ್, ಕ್ಲಚ್ಚಿನ ಪ್ರೆಷರ್ ಪ್ಲೇಟು ನಾಲ್ಕನ್ನೂ ಒಟ್ಟಿಗೆ ಕಟ್ಟಿಕೊಂಡು ಹೋಗಿ ಬ್ಯಾಲೆನ್ಸ್ ಮಾಡಿಸಬೇಕು. ಬಿಡಿಬಿಡಿಯಾಗಿ ಮಾಡಿಸಿದರೆ ಜೋಡಿಸಿದಾಗ ಮತ್ತೆ ತಪ್ಪೀತು. ಕಾನೂನಿನ ಮಾತೂ ಇದೆ. ಇದೇ ಎಂಜಿನ್ನಿನ ಅಳತೆಯ ಭಾಗಗಳಿಂದ ಕಟ್ಟುವುದು ರಿಪೇರಿ. ಬೇರೆ ಎಂಜಿನ್ನನ್ನೇ ಕೂರಿಸಿದರೆ ಅಥವಾ ದಾಖಲೆಯಲ್ಲಿರುವ ಸಿಸಿ ಬದಲಾದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ರಸ್ತೆಯ ಮೇಲೂ ಓಡುವ ಗಾಡಿಯಾದರೆ ಕೈ ಹಾಕುವ ಮುನ್ನ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಬೇಕು.

ಹಾಗಾದರೆ ಸಾಂಗೆಯ ಆ ಹುಡುಗನಿಗೆ ತೀರ್ಪು ಏನು? 7,000 ಸುತ್ತಿಗೆ ಮಿತಿ. ಮೂಲ ಕ್ರ್ಯಾಂಕ್, ಮೂಲ ರಾಡ್, ಹೊಸ ರಾಡ್ ಬೋಲ್ಟು. ಹಗುರ ಪಿಸ್ಟನ್, ಅಳೆದು ಕೂರಿಸಿದ ರಿಂಗ್, ಹೊಸ ವಾಲ್ವ್ ಸ್ಪ್ರಿಂಗ್, ಸೌಮ್ಯ ಕ್ಯಾಮ್, ಹೊಸ ಎಣ್ಣೆ ಪಂಪು, ಸಂಪಿಗೆ ತಡೆಗೋಡೆ, ಗಾಳಿಯ ದಾರಿಗೆ ಎತ್ತರದ ಸ್ನಾರ್ಕೆಲ್. 8,000ದ ಆಸೆ ಬಿಟ್ಟರೆ ಉಳಿಯುವ ಹಣದಲ್ಲಿ ಒಳ್ಳೆಯ ಟೈರು ಬರುತ್ತದೆ, ಕೆಸರಿನಲ್ಲಿ ಅದರ ಫಲ ಹೆಚ್ಚು.

ಶ್ರೋತೃಗಳೇ, ನಿಮ್ಮಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕಿದರೆ ಒಂದು ಕೋರಿಕೆ. ಎಂಜಿನ್ ಜೋಡಿಸುವಾಗ ಬೋರ್, ಪಿಸ್ಟನ್, ರಿಂಗಿನ ಸಂದು, ಬೇರಿಂಗಿನ ಜಾಗ, ಬೋಲ್ಟಿನ ಉದ್ದ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಸಿ, ಮೆಕ್ಯಾನಿಕ್‌ನ ಸಹಿ ಹಾಕಿಸಿ ಇಟ್ಟುಕೊಳ್ಳಿ. ಮೊದಲ ಕೆಲವು ನೂರು ಕಿಲೋಮೀಟರ್ ಆದ ಮೇಲೆ ಎಣ್ಣೆ ಬದಲಿಸಿ, ತೆಗೆದ ಆಯಿಲ್ ಫಿಲ್ಟರನ್ನು ಕತ್ತರಿಸಿ ಅದರ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿ. ಲೋಹದ ಚೂರು ಮಿನುಗಿದರೆ ಅಂದೇ ಎಂಜಿನ್ ಬಿಚ್ಚಿಸಿ. ಏನೂ ಕಾಣದಿದ್ದರೆ ಮಳೆಗಾಲಕ್ಕೆ ನಿಮ್ಮ ಗಾಡಿ ಸಿದ್ಧವಾಗಿದೆ.